ನಾಲ್ಕನೆಯ ಹಾಡು ಇಂಗ್ಲಿಷಿನಲ್ಲಿ

ಒರ್ಲಾಂಡೊ
14 ಮಾರ್ಚ್ 2004

ಪ್ರೀತಿಯ ಅಮ್ಮ,

ಎಲ್ಲಕ್ಕಿಂತ ಮೊದಲು ಆಶೀರ್ವಾದ ಮಾಡು. ನನ್ನ ಹಾಡಿನ ಆಲ್ಬಮ್ ಬಂದು ಮೂರು ವಾರವಾಯಿತು, ಒಂದು ಸಾಲೂ ಬರೆಯಲಿಲ್ಲ ಅಂತ ಮುನಿಸಿಕೊಂಡಿರುತ್ತೀ. ತಪ್ಪು ನನ್ನದೇ. ಇದು ಫೋನಿನಲ್ಲಿ ಹೇಳುವ ವಿಷಯವಾಗಿರಲಿಲ್ಲ. ನೀನು ಕಳಿಸಿದ ಪೇರಲ ಮಿಠಾಯಿ ಬಸ್ಸಿನಲ್ಲೇ ಖಾಲಿ. ನಮ್ಮ ಡ್ರಮ್ಮಿನ ವಿಲ್ಫ್ರೆದೋ ಒಬ್ಬನೇ ಅರ್ಧ ಡಬ್ಬಿ ಮುಗಿಸಿದ.

ಐದು ಹಾಡು ನಮ್ಮ ಸ್ಪ್ಯಾನಿಷ್‌ನಲ್ಲಿ, ಇನ್ನೈದು ಇಂಗ್ಲಿಷಿನಲ್ಲಿ ಯಾಕೆ ಅಂತ ನೀನು ಕೇಳಿದಾಗ ಕಂಪನಿಯವರ ಹಟ ಅಂದಿದ್ದೆ. ಸುಳ್ಳು. ಹಟ ನನ್ನದು. ನಮ್ಮನ್ನು ಬಿಟ್ಟುಬಂದ ಅಪ್ಪ ಈ ಊರಲ್ಲಿ ಕಟ್ಟಿಕೊಂಡವಳಿಗೆ ಸ್ಪ್ಯಾನಿಷ್ ಒಂದಕ್ಷರ ಬಾರದು. ಅವಳಿಗೆ ಅರ್ಥವಾಗಲಿ ಅಂತಲೇ ನಾಲ್ಕನೆಯ ಹಾಡನ್ನು ಇಂಗ್ಲಿಷಿನಲ್ಲಿ ಬರೆದೆ. ಅವನ ಹೆಸರು, ನಮ್ಮೂರು ಮಯಾಗ್ವೆಸಿನ ನಮ್ಮ ಬೀದಿ, ನನಗೆ ಒಂಬತ್ತು ತುಂಬಿದ ದಿನವೇ ಅವನು ಹೊರಟಿದ್ದು, ಯಾವುದನ್ನೂ ಮುಚ್ಚಲಿಲ್ಲ.

ಗುರಿ ತಪ್ಪಲಿಲ್ಲ. ಮೊನ್ನೆ ಇಲ್ಲಿಯ ಅಂಗಡಿಯೊಂದರಲ್ಲಿ ಸೀಡಿಗಳಿಗೆ ಸಹಿ ಹಾಕುತ್ತಿದ್ದಾಗ ಸಾಲಿನಲ್ಲಿ ಅವಳೂ ಬಂದಳು, ಡೋರೀನ್. ಹಾಡಿನಲ್ಲಿರುವ ಎವಾರಿಸ್ತೋ ತನ್ನ ಗಂಡನೇನಾ ಅಂತ ಮೆಲ್ಲಗೆ ಕೇಳಿದಳು. ಪರ್ಸಿನಿಂದ ನಿನ್ನ, ಅಪ್ಪನ ಮದುವೆ ಫೋಟೋ ತೆಗೆದು ಮುಂದಿಟ್ಟೆ. ಬಿಳಿಚಿಕೊಂಡಳು. ಹೆಂಡತಿ, ಮಗಳು ಇಬ್ಬರೂ ಒಂದು ಸೆಪ್ಟೆಂಬರಿನ ಚಂಡಮಾರುತಕ್ಕೆ ಸಿಕ್ಕಿ ಸತ್ತರು ಅಂತ ಅವನು ಹೇಳಿದ್ದನಂತೆ. ಪ್ರತಿ ಸೆಪ್ಟೆಂಬರಿನಲ್ಲೂ ಪಾಪ ಅವಳೇ ನಮ್ಮಿಬ್ಬರ ಹೆಸರಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳಂತೆ.

ಅವತ್ತೇ ಸಂಜೆ ಅವನ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟಳು. ಅದು ಗೊತ್ತಾಗಿದ್ದು ಅವನ ಬಾಯಿಂದಲೇ. ಮರುದಿನ ಮಧ್ಯಾಹ್ನ ನಾವು ಅಭ್ಯಾಸ ಮಾಡುವಲ್ಲಿಗೆ ಹುಡುಕಿಕೊಂಡು ಬಂದ. ಕೂದಲು ನೆರೆತಿದೆ, ಹೊಟ್ಟೆ ಬಂದಿದೆ.

"ನನ್ನ ಸಂಸಾರ ಹಾಳು ಮಾಡಿದೆಯಲ್ಲೇ" ಅಂದ.

"ಸತ್ತವಳು ಹೇಗೆ ಹಾಳು ಮಾಡ್ತಾಳೆ, ಪಪ್ಪಾ?" ಅಂದೆ.

ವಿಲ್ಫ್ರೆದೋ ಅವನಿಗೆ ಬಾಗಿಲು ತೋರಿಸಿದ. ನನಗೆ ಅಯ್ಯೋ ಅನಿಸಲಿಲ್ಲ ಅಮ್ಮ. ಸಂಜೆ ವೇದಿಕೆಯ ಮೇಲೆ ಅದೇ ಹಾಡನ್ನು ಎರಡು ಸಲ ಹಾಡಿದೆ.

ಅವನ ಗೊಡವೆಗೆ ಹೋಗಬೇಡ ಅಂತ ಎಷ್ಟು ಸಲ ಹೇಳಿದ್ದೆ ನೀನು. ಬೈಯಬೇಕೆನಿಸಿದರೆ ಬೈದುಬಿಡು, ಆದರೆ ಆಮೇಲೆ ಹರಸು. ಮೇರಿ ಮಾತೆ ನಿನ್ನ ಮಂಡಿನೋವು ಇಳಿಸಲಿ.

ನಿನ್ನವಳೇ,
ನೆರೈದಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಅವನು ಒಳಗೆ ಬಂದಾಗ ನಾನು ಬಾಗಿಲ ಹತ್ತಿರವೇ ಕೂತು ಗಿಟಾರಿಗೆ ತಂತಿ ಕಟ್ಟುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತಾ, ತುಂಬ ಮರ್ಯಾದೆಯಿಂದ, "ನೆರೈದಾ ಎಲ್ಲಿದ್ದಾಳೆ ಮೇಡಂ? ನಾನವಳ ಅಪ್ಪ" ಅಂದ. ನಾನೇ ಅಂತ ಹೇಳಬೇಕಾಯಿತು.