ತಲೆಗೇರಿದ ಕೊಬ್ಬು

ಮಸ್ಕಿ
14-11-2024

ಲಿಂಗಸುಗೂರಿನ ಹೊನ್ನೂರಮ್ಮಕ್ಕನಿಗೆ ತಂಗಿ ಗಾಳೆಮ್ಮ ಮಾಡುವ ನಮಸ್ಕಾರ.

ಫೋನಿನಲ್ಲಿ ನನ್ನ ಹೆಸರು ಕಂಡರೆ ಕಟ್ ಮಾಡುತ್ತೀ. ಕಾಗದ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ಮೂಗಿನ ಆಪರೇಷನ್ ಆಗಿ ಒಂದು ತಿಂಗಳು ತಲೆ ಬಗ್ಗಿಸುವಂತಿರಲಿಲ್ಲ. ನಿನ್ನ ಮೊಮ್ಮಗಳ ತೊಟ್ಟಿಲಿಗೆ ನನ್ನನ್ನು ಕರೆಯುತ್ತೀಯೋ ಇಲ್ಲವೋ, ಅದೊಂದು ತಿಳಿಸು.

ವರ್ಷದಿಂದ ನನ್ನ ಎಡ ಹೊಳ್ಳೆ ಸೋರುತ್ತಿತ್ತಲ್ಲ, ಅದು ನೆಗಡಿಯಲ್ಲವಂತೆ. ಮಿದುಳಿನ ಸುತ್ತ ಇರುವ ನೀರಂತೆ. ಮೂಗಿನ ಮೇಲಿನ ಎಲುಬಿನಲ್ಲಿ ಸಾಸಿವೆಯಷ್ಟು ತೂತು ಬಿದ್ದು, ಬಗ್ಗಿದಾಗೆಲ್ಲ ಹನಿಯುತ್ತಿತ್ತು. ಬಳ್ಳಾರಿಯ ಡಾಕ್ಟರು ನನ್ನನ್ನು ಬಗ್ಗಿಸಿ ನಿಲ್ಲಿಸಿ, ಹನಿ ಶೀಸೆಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದರು. ಹಾಗೇ ಬಿಟ್ಟರೆ ಮಿದುಳಿಗೆ ನಂಜು ಏರುತ್ತದೆ ಎಂದರು. ನಮ್ಮ ಮನೆಯವರು, "ವರ್ಷಗಟ್ಲೆ ಸೋರೈತಲ್ರೀ, ಒಳಗ ಏನರ ಉಳದೈತೋ ಇಲ್ಲೋ?" ಎಂದು ಕೇಳಿಯೇಬಿಟ್ಟರು. ಡಾಕ್ಟರು ನಗಲಿಲ್ಲ, ನರ್ಸು ನಕ್ಕಳು.

ತಲೆ ಕೊಯ್ಯಲಿಲ್ಲ. ಮೂಗಿನೊಳಗಿಂದಲೇ ಕ್ಯಾಮೆರಾದ ನಳಿಗೆ ಬಿಟ್ಟು, ನನ್ನ ತೊಡೆಯಿಂದ ಚೂರು ಕೊಬ್ಬು ತೆಗೆದು ಆ ತೂತಿಗೆ ಇಟ್ಟು ಮುಚ್ಚಿದರು. ನಮ್ಮತ್ತೆ ಪಕೀರಮ್ಮ ಮೂವತ್ತು ವರ್ಷದಿಂದ ನನಗೆ ಕೊಬ್ಬು ಭಾಳ ಎನ್ನುತ್ತ ಬಂದವರು. ಈ ಸುದ್ದಿ ಕೇಳಿ ಗಲ್ಲಕ್ಕೆ ಕೈ ಹಚ್ಚಿ ಮಗನಿಗೆ ಹೇಳಿದರು. "ತೊಡ್ಯಾಗಿದ್ದದ್ದನ್ನ ತಲಿಗೇರಿಸಿ ಕಳಿಸ್ಯಾರಲ್ಲೋ ಆದಪ್ಪ, ಇನ್ನ ಈಕಿನ್ನ ಹಿಡಿಯೋರು ಯಾರು?"

ಭಾರ ಎತ್ತಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು ಎಂದದ್ದನ್ನೆಲ್ಲ ಅತ್ತೆ ಒಪ್ಪಿದರು. ಬಗ್ಗಿ ಯಾರ ಕಾಲಿಗೂ ಬೀಳಬಾರದು ಎಂದದ್ದನ್ನು ಮಾತ್ರ ನಂಬಲಿಲ್ಲ. ದೀಪಾವಳಿಗೆ ನಾನು ನಿಂತೇ ಕೈ ಮುಗಿದಾಗ, "ಇದು ಡಾಕ್ಟರ್ ಮಾತಲ್ಲ, ಈಕೀದ ಐತಿ" ಎಂದರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಈಗ ಮೂಗು ಒಣಗಿದೆ. ಮುಂದಿನ ತಿಂಗಳಿಂದ ಎಲ್ಲ ಕೆಲಸ ಮಾಡಬಹುದಂತೆ. ತೊಟ್ಟಿಲ ದಿನದ ಹೋಳಿಗೆ ನನ್ನ ಕೈಯಲ್ಲೇ ಆಗಲಿ ಅಕ್ಕ. ಬಾ ಎಂದರೆ ಮೊದಲ ಬಸ್ಸಿಗೆ ಬರುತ್ತೇನೆ. ಕೂಸು ನೂರು ವರ್ಷ ಬಾಳಲಿ, ಬಾಣಂತಿ ನಂದಿನಿ ಬೆಚ್ಚಗಿರಲಿ.

ನಿನ್ನ ತಂಗಿ
ಗಾಳೆಮ್ಮ

ತಾ.ಕ.: ಬಸುರಿ ನಂದಿನಿಗೆ ಕುಬಸ ಮಾಡಿದ ದಿನ ನಾನು ಕಣಕ ನಾದುವಾಗ ಒಂದು ಹನಿ ಅದರೊಳಗೆ ಬಿತ್ತು. "ಏಳ ಗಾಳೆಮ್ಮ, ಸುಂಬಳ ಸುರಿಸಿ ಊರಿಗೆಲ್ಲಾ ತಿನ್ನಸ್ತಿ ಏನು?" ಎಂದು ನೀನು ಬೀಗರ ಮುಂದೆ ಕೂಗಿದೆ. ಕಣಕ ಚೆಲ್ಲಿದ್ದು ಸರಿ, ನಾನಾದರೂ ಚೆಲ್ಲುತ್ತಿದ್ದೆ. ನನಗೆ ಕಿವಿಯಲ್ಲಿ ಹೇಳಬಹುದಿತ್ತು.