ಕೊಡ ಬೆಳಗುವ ಕಲ್ಲಿನ ಪಾಚಿ

ವೈದ್ಯನಾಥಪುರ
೯ ಜನವರಿ ೧೯೪೪

ಮಳವಳ್ಳಿಯ ತಂಗಿಯ ಮನೆಯಲ್ಲಿ ಮಂಚ ಹಿಡಿದಿರುವ ಪಾಚಿ ಪಂಡಿತ ಸಣ್ಣಯ್ಯ ಮೇಷ್ಟ್ರ ಸನ್ನಿಧಾನಕ್ಕೆ, ಅವರ ಮಾಜಿ ಛತ್ರಿ ಹಿಡಿಯುವವನ ನಮಸ್ಕಾರ.

ನಾವು ಪಾಚಿಯ ಮಾದರಿ ಕಳಿಸಿದ್ದ ಬೆಂಗಳೂರಿನ ಪ್ರೊಫೆಸರ ಕಾಗದ ನನ್ನ ವಿಳಾಸಕ್ಕೆ ಬಂದು ಹದಿನೆಂಟು ದಿನವಾಯಿತು. ನಿನಗೆ ಕಳಿಸೋಣವೆಂದು ದಿನಾ ಜೇಬಿಗಿಟ್ಟುಕೊಂಡು ಹೊರಡುತ್ತೇನೆ, ಅಂಚೆ ಡಬ್ಬಿಯ ಮುಂದೆ ನಿಲ್ಲುತ್ತೇನೆ, ಹಾಗೇ ವಾಪಸು ಬರುತ್ತೇನೆ. ಸಾಕಾಗಿಹೋಗಿದೆ ಕಣೋ. ಹೇಳಿಬಿಡುತ್ತೇನೆ. ನಿನ್ನ ಪಾಚಿ ಹೊಸದಲ್ಲ. ಲೋಕದಲ್ಲೆಲ್ಲ ಸಿಗುವ ಮಾಮೂಲಿ ಪಾಚಿಯಂತೆ, ಅದಕ್ಕೆ ಆಗಲೇ ಹೆಸರಿದೆಯಂತೆ. ತೀರಿಕೊಂಡ ನಿನ್ನ ಮನೆಯಾಕೆ, ನಮ್ಮ ಮಹದೇವಮ್ಮ ಅತ್ತಿಗೆಯ ಹೆಸರನ್ನು ಅದಕ್ಕಿಡಬೇಕೆಂಬ ನಿನ್ನ ಆಸೆಗೆ ಅಲ್ಲಿ ಜಾಗವಿಲ್ಲ.

ಅವರು ಹೋದ ಮೇಲೆ ಮೂರು ಮಳೆಗಾಲ ನಾವಿಬ್ಬರೂ ಆ ಬಾವಿಕಟ್ಟೆಯ ಮೇಲೆ ಬೋರಲು ಬಿದ್ದಿದ್ದೆವು. ನೀನು ಮಸೂರ ಹಿಡಿದು "ಕೂದಲಿನಂಥ ದಂಟು, ಗಸಗಸೆಗಿಂತ ಒಂಚೂರು ದೊಡ್ಡ ಕಾಯಿ" ಎಂದು ಮಂತ್ರ ಹೇಳುವುದು, ನಾನು ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಬರೆಯುವುದು. "ಆವಾಸ: ಬರೀ ಕಲ್ಲು" ಎಂದು ನೀನೆಂದೆ. ನಾನು ಬರೆದೆ. ನೀರಿಗೆ ಬಂದ ಹೆಂಗಸರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಪಾಂಡಿತ್ಯಕ್ಕೆ ಈ ಊರು ಕೊಟ್ಟ ಮರ್ಯಾದೆ ಅಷ್ಟೇ.

ಪ್ರೊಫೆಸರು ಕೊನೆಗೊಂದು ಸಾಲು ಸೇರಿಸಿದ್ದಾರೆ. ಇದು ಬೂದಿ ಬಿದ್ದ ಕಡೆ ಬೆಳೆಯುವ ಪಾಚಿ, ಬರೀ ಕಲ್ಲಿನ ಮೇಲೆ ಹೇಗೆ ಬಂತು, ಇನ್ನೊಮ್ಮೆ ನೋಡಿ, ಎಂದು. ನಿನ್ನೆ ಹೋಗಿ ಒಬ್ಬನೇ ಬೋರಲು ಬಿದ್ದೆ. ಮಂಡಿ ಹಿಡಿದುಕೊಂಡಿತೇ ಹೊರತು ಏನೂ ತಿಳಿಯಲಿಲ್ಲ. ಕೊಡ ಹೊತ್ತು ಬಂದ ಪಕ್ಕದ ಮನೆಯ ಚಲುವಮ್ಮ ಶುರುಮಾಡಿದಳು:

"ಏನಣ್ಣ, ಮತ್ತೆ ಬಿದ್ಕೊಂಡ್ಯಾ? ಬರೀ ಕಲ್ಲು ಅಂತ ಯಾರಂದೋರು? ಮಾದೇವಕ್ಕ ಇರೋಗಂಟ ಕೊಡ ಬೆಳಗ್ತಿದ್ದುದು ಇದರ ಮ್ಯಾಲೇ ಕಣಣ್ಣ. ಚಿಪ್ಪಿನ ತುಂಬ ಬೂದಿ ತರೋಳು. ಬಿರುಕಲ್ಲಿ ನೋಡು, ಇನ್ನೂ ಕೂತದೆ. ಮನೇಲಿ ಪಳಪಳ ಒಳೆಯೋ ಕೊಡ ಮೇಷ್ಟ್ರು ಒಂದಿನಾನೂ ನೋಡ್ನಿಲ್ವಾ?"

ಚಾಕುವಿನ ತುದಿಯಿಂದ ಕೆದಕಿದೆ. ಬೂದಿಯೇ. ನಿಮ್ಮ ಮನೆಯ ಒಲೆಯದು.

ಅಲ್ಲೇ ಕೂತುಬಿಟ್ಟೆ. ಆಮೇಲೆ ನೀನು ನನ್ನಲ್ಲಿ ಬಿಟ್ಟುಹೋದ ಪುಸ್ತಕದಲ್ಲಿ "ಬರೀ ಕಲ್ಲು" ಎಂಬುದನ್ನು ಹೊಡೆದುಹಾಕಿ, ಹೀಗೆ ಬರೆದೆ: "ಆವಾಸ: ಮಹದೇವಮ್ಮನವರು ಕೊಡ ಬೆಳಗುತ್ತಿದ್ದ ಕಲ್ಲು." ಪಂಡಿತರ ಬರಹ ತಿದ್ದುವ ಅಧಿಕಾರ ಛತ್ರಿಯವನಿಗಿಲ್ಲ. ತಪ್ಪೆನಿಸಿದರೆ ಎದ್ದು ಬಂದು ನೀನೇ ಅಳಿಸು.

ನಿನ್ನ ಕೆಮ್ಮು ಇಳಿಯಲಿ, ಗಂಜಿ ರುಚಿಸಲಿ. ನೀನು ಬಂದು ನೋಡುವವರೆಗೆ ಆ ಗೇಣಗಲ ಜಾಗವನ್ನು ಉಜ್ಜುವುದಿಲ್ಲವೆಂದು ಚಲುವಮ್ಮ ಮಾತು ಕೊಟ್ಟಿದ್ದಾಳೆ.

ಛತ್ರಿ ಮಡಿಚಿಟ್ಟು ಕಾಯುತ್ತಿರುವ,
ಪುಟ್ಟರಾಜು