ಏಳು ಗಂಟೆಯ ಡಬ್ಬಿ

ಭಾನುವಾರ, ೧೪ ಸೆಪ್ಟೆಂಬರ್

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ನೀನು ಮಹಡಿಗೆ ಹೋಗಿ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡಿ ಬರುತ್ತಿರುತ್ತೀಯ, ನನಗೆ ಗೊತ್ತು. ನಾವಿಲ್ಲಿ ಇದ್ದೇವೆ. ಮೊದಲು ‘ಚೆನ್ನಾಗಿದ್ದೇವೆ’ ಎಂದೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ.

ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಕೋಪ ಮಾಡಿಕೊಳ್ಳಬೇಡ. ನೀನು ಕರೆ ಮಾಡುವ ಹೊತ್ತಿಗೆ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿರುತ್ತೇನೆ, ಅಲ್ಲಿ ಯಂತ್ರದ ಗದ್ದಲದಲ್ಲಿ ದೇವರು ಕರೆದರೂ ಕೇಳಿಸುವುದಿಲ್ಲ. ಮನೆಗೆ ಬಂದ ಮೇಲೆ ಮಾಡೋಣವೆಂದು ಫೋನು ಎತ್ತಿಕೊಂಡರೆ, ಈ ವಿಷಯ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕೆಳಗಿಡುತ್ತೇನೆ. ಅದಕ್ಕೇ ಕಾಗದ. ನನ್ನ ಅಕ್ಷರ ಕಾಗೆ ಕಾಲಿನ ಹಾಗಿದೆ ಎಂದು ನೀನು ನಗಬಹುದು, ನಗು.

ಚಿಕ್ಕಮ್ಮ ನಿನಗೆ ವರದಿ ಒಪ್ಪಿಸಿದರಂತಲ್ಲ. “ಹುಡುಗಿಗೆ ಮೊಬೈಲ್ ಹುಚ್ಚು ಹಿಡಿದಿತ್ತಂತೆ, ಬಿಡಿಸೋಕಾಗದೆ ಹಾಸ್ಟೆಲ್‌ಗೆ ತಳ್ಳಿದಾರೆ” ಅಂತ. ಇಲ್ಲಿಯವರೂ ಹಾಗೇ ಅಂದುಕೊಂಡಿದ್ದಾರೆ. ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ಒಳ್ಳೇ ಕೆಲಸ ಮಾಡಿದ್ರಿ, ನಮ್ಮವನನ್ನೂ ಎಲ್ಲಾದ್ರೂ ಹಾಕಬೇಕು” ಎಂದರು. ನಾನು ಹೂಂ ಎಂದು ತಲೆಯಾಡಿಸಿ ಮೇಲೆ ಬಂದೆ. ದಿನವಿಡೀ ನಿಂತು ಕೆಲಸ ಮಾಡಿದವರಿಗೆ ವಾದಕ್ಕಿಂತ ತಲೆಯಾಡಿಸುವುದು ಸುಲಭ. ಆದರೆ ಹುಟ್ಟಿದ ವಾರದಲ್ಲೇ ನನ್ನ ಮಗಳಿಗೆ ಚೂಟಿ ಎಂದು ಹೆಸರಿಟ್ಟವಳು ನೀನು. ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾದ ದಿನ, “ಅದರಿಂದ ಚೂಟಿತನ ಎಲ್ಲಿ ಹೋಗುತ್ತೆ?” ಎಂದವಳೂ ನೀನೇ. ನಿನಗಾದರೂ ನಡೆದದ್ದು ಗೊತ್ತಿರಲಿ.

ನಮ್ಮ ಮನೆ ಹೇಗಾಗಿತ್ತೆಂದರೆ, ನಾಲ್ಕು ಜನ, ನಾಲ್ಕು ಮೂಲೆ, ನಾಲ್ಕು ಫೋನು. ಇವರು ಡಿಪೋದಿಂದ ಬಂದು, ಗ್ರೀಸಿನ ಕೈ ತೊಳೆದವರೇ ಯಾರೋ ಎಲ್ಲೋ ಲಾರಿ ತೊಳೆಯುವುದನ್ನು ನೋಡುತ್ತಾ ಕೂರುತ್ತಿದ್ದರು. ಹಗಲೆಲ್ಲ ಬಸ್ಸು ರಿಪೇರಿ, ಸಂಜೆ ಲಾರಿ ದರ್ಶನ. ಚಿಕ್ಕವನು ಆಟದೊಳಗೆ ಮುಳುಗಿದರೆ ಕರೆದಾಗ “ಹಾ” ಎಂದೂ ಅನ್ನುತ್ತಿರಲಿಲ್ಲ. ನಾನೇನು ಕಡಿಮೆಯೇ, ಊಟದ ತಟ್ಟೆ ಪಕ್ಕ ಫೋನು ಒರಗಿಸಿಟ್ಟುಕೊಂಡು ಬೇರೆಯವರ ಮನೆ ಜಗಳ ನೋಡುತ್ತಿದ್ದೆ. ಚೂಟಿಯದು ಎಲ್ಲರಿಗಿಂತ ಹೆಚ್ಚು. ಶಾಲೆಯಿಂದ ಬಂದವಳು ಕಿಟಕಿ ಹತ್ತಿರ ಫೋನು ನಿಲ್ಲಿಸಿ ಅದರೆದುರು ಕೂತರೆ ಮುಗಿಯಿತು, ಮಲಗುವವರೆಗೆ ಅಲ್ಲೇ. ಮುಖದಲ್ಲಿ ನೂರು ಭಾವ, ಕೈಗಳಿಗೆ ಬಿಡುವಿಲ್ಲ. ವೀಡಿಯೊದಲ್ಲಿ ಇರುವವರು ಅವಳ ಕಿವುಡ ಮಕ್ಕಳ ಶಾಲೆಯ ಗೆಳತಿಯರು ಎಂದು ನನಗೆ ಗೊತ್ತಿತ್ತು. ಇಡೀ ದಿನ ಜೊತೆಗಿದ್ದವರ ಹತ್ತಿರ ಮತ್ತೆ ಅಷ್ಟು ಹೊತ್ತು ಏನಿರುತ್ತದೆ ಎಂದು ಕೇಳಬೇಕೆನ್ನಿಸುತ್ತಿತ್ತು, ಕೇಳುವಷ್ಟು ಸನ್ನೆ ನನಗೆ ಬರುತ್ತಿರಲಿಲ್ಲ.

ಹಾಗಿರುವಾಗ ನಮ್ಮ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೊಸದಾಗಿ ಒಬ್ಬ ಕೌನ್ಸೆಲರ್ ಮೇಡಂ ಬಂದರು. ಒಳ್ಳೆಯವರು, ತಾಳ್ಮೆಯವರು. ಕೆಲಸಗಾರರ ಮನೆಗಳಿಗಾಗಿ ಶನಿವಾರ ಮಧ್ಯಾಹ್ನ ಒಂದು ಗುಂಪು ಶುರುಮಾಡಿದರು, ಮಕ್ಕಳ ಫೋನ್ ಬಳಕೆ ಕಡಿಮೆ ಮಾಡುವುದು ಹೇಗೆ ಎಂದು. ಬೈಗುಳ ಬೇಡ, ಕಸಿದುಕೊಳ್ಳುವುದು ಬೇಡ. ಸಂಜೆ ಏಳಕ್ಕೆ ಎಲ್ಲರ ಫೋನೂ ಒಂದು ಡಬ್ಬಿಗೆ ಬೀಳಬೇಕು, ಬೆಳಿಗ್ಗೆವರೆಗೆ ತೆಗೆಯುವಂತಿಲ್ಲ. “ಅಪ್ಪ ಅಮ್ಮಂದು ಮೊದಲು ಬೀಳಬೇಕು. ನೀವು ಇಟ್ಟುಕೊಂಡು ಅವರಿಗೆ ಬಿಡಿ ಅಂದ್ರೆ ಯಾರು ಬಿಡ್ತಾರೆ?” ಎಂದರು. ಮಾತು ನ್ಯಾಯವಾಗಿತ್ತು. ನಾನು ಬಿಸ್ಕತ್ತಿನ ಹಳೇ ಡಬ್ಬಿ ತೊಳೆದು ಫ್ರಿಜ್ ಮೇಲೆ ಇಟ್ಟೆ.

ಮೊದಲ ದಿನ ಇವರು, “ನನಗೂ ಫೋನಿಗೂ ಡೈವೋರ್ಸ್ ಮಾಡಿಸ್ತಿದೀಯಲ್ಲೇ” ಎಂದು ಗೊಣಗುತ್ತಾ ಹಾಕಿದರು. ಚಿಕ್ಕವನು ನೆಲದ ಮೇಲೆ ಬಿದ್ದು ಹೊರಳಾಡಿದ. ಚೂಟಿ ಮಾತ್ರ ನನ್ನ ಮುಖ ನೋಡಿ, ಎಲ್ಲಿವರೆಗೆ ಎಂದು ಕೈಯಲ್ಲಿ ಕೇಳಿದಳು. ಬೆಳಿಗ್ಗೆವರೆಗೆ ಎಂದು ತೋರಿಸಿದೆ. ನಾಳೆಯೂ? ನಾಳೆಯೂ. ಅವಳು ಪರದೆ ಕೆಳಗಾಗುವಂತೆ ಫೋನನ್ನು ಡಬ್ಬಿಯೊಳಗೆ ಇಟ್ಟು ಹೋಗಿ ಹಾಸಿಗೆ ಸರಿಮಾಡತೊಡಗಿದಳು. ಅಳಲಿಲ್ಲ, ಮುಖ ಊದಿಸಲಿಲ್ಲ. ಶನಿವಾರ ಗುಂಪಿನಲ್ಲಿ ನಾನು ಇದನ್ನು ಹೇಳಿದಾಗ ಎಲ್ಲರೂ ಬಾಯಿಬಿಟ್ಟು ಕೇಳಿದರು. ಆಂಬುಲೆನ್ಸ್ ಡ್ರೈವರ್ ಹೆಂಡತಿ, “ಪುಣ್ಯ ಮಾಡಿದೀರಿ ನೀವು, ನಮ್ಮವಳು ಡಬ್ಬಿಯನ್ನೇ ಎಸೆದುಬಿಟ್ಲು” ಎಂದರು. ನಾನು ಬೀಗಿದೆ ಅಕ್ಕ. ಆ ಮಗು ವಿಷಯದಲ್ಲಿ ಇನ್ನೊಬ್ಬರು ನನ್ನನ್ನು ಪುಣ್ಯವಂತೆ ಎಂದದ್ದು ಅದೇ ಮೊದಲು.

ಡಬ್ಬಿ ಕೆಲಸ ಮಾಡಲಿಲ್ಲವೆಂದು ತಿಳಿಯಬೇಡ. ಮಾಡಿತು, ಚೆನ್ನಾಗಿಯೇ ಮಾಡಿತು. ಒಂದು ವಾರ ಮನೆ ಮಸಣದ ಹಾಗಿತ್ತು. ಆಮೇಲೆ ಚಿಕ್ಕವನು ಬೇರೇನೂ ತೋಚದೆ ಬಾಯಿಬಿಟ್ಟ. ಅವರ ಡ್ರಿಲ್ ಮೇಷ್ಟ್ರು ಸೀನುವುದನ್ನು ಮಾಡಿ ತೋರಿಸಿದ. ಇವರು ಬಿದ್ದು ಬಿದ್ದು ನಕ್ಕರು, ನಕ್ಕವರು ಡಿಪೋದಲ್ಲಿ ಒಬ್ಬ ಕಂಡಕ್ಟರ್ ನಿದ್ದೆಯಲ್ಲೇ ಸೀಟಿ ಊದಿದ ಕಥೆ ಹೇಳಿದರು. ನನ್ನ ಗಂಡ ಇಷ್ಟು ಮಾತಾಡಬಲ್ಲರೆಂಬುದೇ ನನಗೆ ಮರೆತುಹೋಗಿತ್ತು. ತಟ್ಟೆ ಒಣಗಿದರೂ ಎದ್ದೇಳದೆ ಕೂತು ಮಾತಾಡುತ್ತಿದ್ದೆವು. ಚೂಟಿಯೂ ಕೂತಿರುತ್ತಿದ್ದಳು. ಮಾತಾಡುವವರ ಮುಖ ನೋಡುವಳು, ಇನ್ನೊಬ್ಬರು ಶುರುಮಾಡಿದರೆ ಆ ಮುಖ. ನಾವು ನಕ್ಕಾಗ ಅವಳೂ ನಗುತ್ತಿದ್ದಳು, ನಮಗಿಂತ ಒಂದು ಕ್ಷಣ ತಡವಾಗಿ. ಏನು ಎಂದು ನನ್ನ ಮೊಣಕೈ ಮುಟ್ಟಿ ಕೇಳಿದರೆ ನಾನು, ಏನಿಲ್ಲ, ಆಮೇಲೆ ಹೇಳ್ತೀನಿ ಎಂದು ಕೈಯಾಡಿಸುತ್ತಿದ್ದೆ. ಡ್ರಿಲ್ ಮೇಷ್ಟ್ರ ಸೀನನ್ನು ಸನ್ನೆಯಲ್ಲಿ ಹೇಗೆ ಹೇಳುವುದು? ಬರೆದು ತೋರಿಸೋಣವೆಂದರೆ ಊಟದ ಮಧ್ಯೆ ಎಂಜಲು ಕೈಯಲ್ಲಿ ಯಾರು ಬರೆಯುತ್ತಾರೆ? ಸ್ವಲ್ಪ ದಿನಕ್ಕೆ ಅವಳು ಮೊಣಕೈ ಮುಟ್ಟುವುದನ್ನು ಬಿಟ್ಟಳು. ನನಗೆ ಅದೂ ಒಳ್ಳೆಯ ಲಕ್ಷಣವಾಗಿ ಕಂಡಿತು.

ಇನ್ನೊಂದು ವಿಷಯ ಹೇಳಿದರೆ ನೀನು ತಲೆ ಚಚ್ಚಿಕೊಳ್ಳುತ್ತೀಯ. ಮನೆ ನಡೆಸುವಷ್ಟು ಸನ್ನೆ ನನಗೆ ಬರುತ್ತದೆ ಎಂದೇ ನಾನು ನಂಬಿದ್ದೆ. ಲಾಂಡ್ರಿಯಲ್ಲಿ ಯಂತ್ರಗಳು ಓಡುವಾಗ ನಾವೆಲ್ಲ ಹೆಂಗಸರು ಕೈಯಲ್ಲೇ ಮಾತಾಡುವುದು. ಆ ತುದಿ ಹಿಡಿ, ಈ ಶೀಟು ಹರಿದಿದೆ, ಮೇಸ್ತ್ರಿ ಬಂದ, ಟೀ ಹೊತ್ತಾಯಿತು. ಇಷ್ಟರಲ್ಲಿ ಇಡೀ ದಿನ ಸಾಗುತ್ತದೆ. ಮನೆಯಲ್ಲೂ ಹಾಗೆಯೇ ಸಾಗಿಸಿದೆ. ಉಣ್ಣು, ಮಲಗು, ಸ್ನಾನ ಮಾಡು, ತಮ್ಮನನ್ನು ಕರೆ. ಶೀಟು ಮಡಿಸಲು ಸಾಕಾದಷ್ಟು ಮಾತು ಮಗಳನ್ನು ಬೆಳೆಸಲೂ ಸಾಕು ಎಂದುಕೊಂಡೆ.

ಗುಂಪಿನ ಕೊನೆಯ ಶನಿವಾರ ಮಕ್ಕಳನ್ನೂ ಕರೆತರಲು ಹೇಳಿದ್ದರು. ಚೂಟಿಗಾಗಿ ಅವಳ ಶಾಲೆಯಿಂದ ಒಬ್ಬ ಟೀಚರ್ ಬಂದಿದ್ದಳು, ಚಿಕ್ಕ ಹುಡುಗಿ, ಸನ್ನೆಯನ್ನು ಮಾತಾಗಿಸಿ ಹೇಳುವುದಕ್ಕೆ. ಡಬ್ಬಿ ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು ಎಂದು ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಒಬ್ಬ ಹುಡುಗ, “ಅಮ್ಮ ಬಯ್ಯೋದು ಜಾಸ್ತಿ ಆಯ್ತು, ಈಗ ಅವರಿಗೂ ಟೈಮ್ ಇದೆಯಲ್ಲ” ಎಂದ. ಎಲ್ಲರೂ ನಕ್ಕೆವು. ಚೂಟಿಯ ಸರದಿ ಬಂತು. ಎದ್ದು ನಿಂತು ಕೈ ಎತ್ತಿದವಳು ನಿಲ್ಲಿಸಲೇ ಇಲ್ಲ. ಫೋನಿನೆದುರು ಬಿಟ್ಟರೆ ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅದರಲ್ಲಿ ‘ಊಟ’ ಮತ್ತು ‘ಅಪ್ಪ’ ಎರಡು ಬಿಟ್ಟರೆ ನನಗೊಂದೂ ತಿಳಿಯಲಿಲ್ಲ. ಹೆಮ್ಮೆಯಿಂದ ನಗುತ್ತಲೇ ಕೂತಿದ್ದೆ.

ಟೀಚರ್ ಹೇಳಿದಳು: “ನಮ್ಮನೇಲಿ ಈಗ ಎಲ್ಲರೂ ತುಂಬಾ ಮಾತಾಡ್ತಾರೆ. ಮೊದಲು ಎಲ್ಲರೂ ಫೋನ್ ನೋಡ್ತಿದ್ರು, ಆಗ ನಾವು ನಾಲ್ಕೂ ಜನ ಒಂದೇ ಥರ ಇದ್ವಿ. ಈಗ ಅವರು ಮೂರು ಜನ, ನಾನು ಒಬ್ಬಳು. ಏಳು ಗಂಟೆ ಆದ್ಮೇಲೆ ನನ್ನ ಹತ್ರ ಯಾರೂ ಮಾತಾಡಲ್ಲ. ಅವರು ನಕ್ಕಾಗ ನಾನೂ ನಗ್ತೀನಿ, ಇಲ್ಲಾಂದ್ರೆ ಅಮ್ಮ ಬೇಜಾರು ಮಾಡ್ಕೋತಾರೆ. ಡಬ್ಬಿ ತಮ್ಮನಿಗೆ ಒಳ್ಳೇದಾಯ್ತು. ಅವನು ಈಗ ಕೆಟ್ಟ ಆಟ ಆಡಲ್ಲ.”

ದೂರು ಹೇಳುವ ದನಿಯಲ್ಲ ಅಕ್ಕ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೆ. ಹೇಳಿ ಕೂತು ನೀರು ಕುಡಿದಳು. ಮೇಡಂ ಕಣ್ಣು ಒರೆಸಿಕೊಂಡು, “ಇದನ್ನ ನಾನು ಯೋಚನೇನೇ ಮಾಡಿರಲಿಲ್ಲ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನಮ್ಮ ಮನೆ ಹೊಸದು. ನಾನು ಹದಿನಾಲ್ಕು ವರ್ಷದಿಂದ ಅದೇ ಮನೆಯಲ್ಲಿದ್ದೇನೆ.

ಅವತ್ತೇ ಅವಳ ಫೋನು ಅವಳಿಗೆ ಕೊಟ್ಟೆವು. ನಾವು ಮೂವರೂ ಸನ್ನೆ ಕಲಿಯಲು ಕೂತೆವು. ಕಲಿಯುವುದಕ್ಕೆ ವೀಡಿಯೊ ನೋಡಬೇಕು, ಹಾಗಾಗಿ ನಮ್ಮ ಫೋನುಗಳೂ ಡಬ್ಬಿಯಿಂದ ಹೊರಗೆ ಬಂದವು. ನಗಬೇಕೋ ಅಳಬೇಕೋ ಹೇಳು. ಚಿಕ್ಕವನು ಬೇಗ ಕಲಿತ, ಮೊದಲು ಬೈಗುಳ, ಆಮೇಲೆ ಉಳಿದದ್ದು. ಇವರ ಬೆರಳು ಸ್ಪ್ಯಾನರ್ ಹಿಡಿದೂ ಹಿಡಿದೂ ಮಡಚುವುದಿಲ್ಲ, ಆದರೂ ಬಿಡಲಿಲ್ಲ. ನಾನು ಕಲಿತದ್ದು ಬೆಳಿಗ್ಗೆ ಇರುತ್ತಿತ್ತು, ಸಂಜೆ ಕೆಲಸ ಮುಗಿಸಿ ಬರುವಾಗ ಹೋಗಿರುತ್ತಿತ್ತು. ಚೂಟಿ ಬೇಸರಿಸದೆ ನನ್ನ ಬೆರಳು ಹಿಡಿದು ತಿದ್ದುತ್ತಿದ್ದಳು. ಒಂದು ಸಂಜೆ ಅವಳ ಮುಖ ಬಾಡಿತ್ತು. ಊಟ ಮಾಡಿದೆಯಾ ಎಂದು ಕೇಳಿದೆ. ಯಾಕೆ ಬೇಜಾರು ಎಂದು ಕೇಳಲು ಬರಲಿಲ್ಲ. ಮಾಡಿದೆ ಎಂದು ತಲೆಯಾಡಿಸಿ ಕಿಟಕಿ ಹತ್ತಿರ ಹೋಗಿ ಕೂತಳು.

ಅದಾದ ಮೇಲೆ ಟೀಚರನ್ನು ಮನೆಗೆ ಕರೆತಂದಳು. ಇನ್ನು ಮೇಲೆ ಚೂಟಿ ಶಾಲೆಯ ಹಾಸ್ಟೆಲ್‌ನಲ್ಲಿ ಇರುತ್ತಾಳಂತೆ, ತಿಂಗಳಿಗೊಮ್ಮೆ ಮನೆಗೆ ಬರುತ್ತಾಳಂತೆ. ಇವರು ಸಿಡಿದೆದ್ದರು. “ಬಸ್ಸಲ್ಲಿ ಅರ್ಧ ಗಂಟೆ ದಾರಿಗೆ ಹಾಸ್ಟೆಲ್ ಯಾಕೆ? ನಾವೇನು ಸತ್ತಿದೀವಾ?” ಟೀಚರ್ ಅದನ್ನು ಸನ್ನೆ ಮಾಡಲಿಲ್ಲ, ಚೂಟಿ ಅಪ್ಪನ ಮುಖದಲ್ಲೇ ಓದಿಕೊಂಡಳು. ನಾನು, ಒಮ್ಮೆ ನೋಡಿ ಬರುತ್ತೇನೆ ಎಂದೆ.

ಚೂಟಿ ಜೊತೆ ಹೋದಾಗ ಊಟದ ಹೊತ್ತು. ಬಾಗಿಲಲ್ಲಿ ನಿಂತವಳಿಗೆ ಮೊದಲು ಹಾಲ್ ಖಾಲಿ ಎನ್ನಿಸಿತು, ತಟ್ಟೆ ಲೋಟದ ಸದ್ದು ಬಿಟ್ಟರೆ ಏನಿಲ್ಲ. ಒಳಗೆ ನೋಡಿದರೆ ಉದ್ದ ಮೇಜುಗಳ ತುಂಬ ಹುಡುಗಿಯರು. ಎಲ್ಲರ ಕೈಗಳೂ ಮಾತಾಡುತ್ತಿವೆ, ಒಂದು ಕೈಯಲ್ಲಿ ಚಮಚ ಇದ್ದರೆ ಇನ್ನೊಂದರಲ್ಲಿ ಮಾತು. ಚೂಟಿ ಓಡಿಹೋಗಿ ನಡುವೆ ಕೂತು ಏನೋ ಹೇಳತೊಡಗಿದಳು. ಆ ಮೇಜೆಲ್ಲ ಊಟ ಬಿಟ್ಟು ಅವಳ ಕಡೆ ತಿರುಗಿತು. ಅವರೆಲ್ಲ ಒಟ್ಟಿಗೆ ನಕ್ಕರು, ಚೂಟಿ ಎಲ್ಲರಿಗಿಂತ ಮೊದಲು. ನಮ್ಮ ಮನೆಯಲ್ಲಿ ಮೂಲೆ ಹಿಡಿದು ಕೂರುವ ಹುಡುಗಿ ಅಲ್ಲಿ ಊಟಕ್ಕೆ ಕೂತವರನ್ನೆಲ್ಲ ನಗಿಸುವವಳು. ಪಕ್ಕದಲ್ಲಿದ್ದ ವಾರ್ಡನ್ ಕೂಡ ನಗುತ್ತಿದ್ದರು. ಏನು ಹೇಳಿದಳು ಎಂದು ನಾನು ಕೇಳಿದೆ. “ನಿಮ್ಮದೇ. ನೀವು ಸನ್ನೆ ಕಲಿಯೋದನ್ನ ಮಾಡಿ ತೋರಿಸ್ತಿದಾಳೆ” ಎಂದರು. ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಕೂರಿ ಎಂದು ಯಾರೋ ಕುರ್ಚಿ ತಂದುಕೊಟ್ಟರು.

ಮನೆಗೆ ಬಂದು ಇವರಿಗೆ, ಕಳಿಸೋಣ ಎಂದೆ. ಅವರು ನನ್ನ ಜೊತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಅವಳ ಟ್ರಂಕಿಗೆ ಹೊಸ ಚಿಲಕ ಹಾಕಿಸಿಕೊಂಡು ಬಂದರು. ಹೋದ ಭಾನುವಾರ ಬಿಟ್ಟು ಬಂದೆವು. ಇವರು ಈಗಲೂ ಸಂಜೆ ಬೆರಳು ಅಭ್ಯಾಸ ಮಾಡುತ್ತಾರೆ, ಅವಳು ತಿಂಗಳಿಗೊಮ್ಮೆ ಬಂದಾಗ ನಾಲ್ಕು ಮಾತಾಡಬೇಕಂತೆ. ನಾನೂ ಮಾಡುತ್ತೇನೆ, ಬಹಳ ಸಲ ಕೂತಲ್ಲೇ ನಿದ್ದೆ ಬರುತ್ತದೆ. ಚಿಕ್ಕಮ್ಮನಿಗೆ ಇದೆಲ್ಲ ಹೇಳಬೇಡ. ಮೊಬೈಲ್ ಹುಚ್ಚು ಬಿಡಿಸಲು ಕಳಿಸಿದರು ಎಂದೇ ಇರಲಿ. ತಾಯಿ ಜೊತೆ ಮಾತಿಲ್ಲದೆ ಹೋದಳು ಎನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ.

ನಿನ್ನ ಮಕ್ಕಳಿಗೆ ನನ್ನ ಮುದ್ದು, ಭಾವನಿಗೆ ನಮಸ್ಕಾರ. ಮಹಡಿ ಹತ್ತಬೇಡ. ಎಲ್ಲರೂ ತಣ್ಣಗಿರಿ, ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಣ್ಣುವಂತಾಗಲಿ.

ನಿನ್ನ ಕಿರಿಯಳು

ಮರೆತದ್ದು: ಮರೆತದ್ದಲ್ಲ, ಬರೆಯಲು ಮನಸ್ಸು ಬರಲಿಲ್ಲ. ಆ ಹಾಸ್ಟೆಲ್‌ನಲ್ಲಿ ಮಕ್ಕಳು ಫೋನು ಇಟ್ಟುಕೊಳ್ಳುವಂತಿಲ್ಲ. ನೋಡಲು ಹೋದ ದಿನವೇ ವಾರ್ಡನ್ ನನಗೆ ಹೇಳಿದ್ದರು, ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾಕೆ ಗೊತ್ತಾ? ಕೊನೇ ಗಳಿಗೆಯಲ್ಲಿ ಹೇಳಿದರೆ ಫೋನಿಗೋಸ್ಕರವಾದರೂ ಚೂಟಿ ಹೋಗುವುದಿಲ್ಲ ಎನ್ನುತ್ತಾಳೆ ಎಂಬ ಆಸೆ. ಅವಳಿಂದ ಬಿಡಿಸಬೇಕೆಂದು ಒದ್ದಾಡಿದ ಫೋನನ್ನೇ ಅವಳನ್ನು ಮನೆಯಲ್ಲಿ ಉಳಿಸಿಕೊಡಲಿ ಎಂದು ನಂಬಿಕೊಂಡಿದ್ದೆ. ಹೊರಡುವ ಬೆಳಿಗ್ಗೆ ಅವಳೆದುರು ನಿಂತು, ಅಲ್ಲಿ, ಫೋನು, ಇಲ್ಲ ಎಂದು ಕೈಯಲ್ಲಿ ಹೇಳಿದೆ. ಅವಳು ಚೀಲದಿಂದ ಫೋನು ತೆಗೆದು, ಆಫ್ ಮಾಡಿ, ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ನನಗೆ ತಿಳಿಯಲಿ ಎಂದು ಮೆಲ್ಲಗೆ, ಎಳೆ ಮಕ್ಕಳಿಗೆ ಹೇಳುವಂತೆ, ಒಂದೊಂದೇ ಸನ್ನೆ ಮಾಡಿದಳು. ಅಲ್ಲಿ ಫೋನ್ ಯಾಕಮ್ಮ? ಅಲ್ಲಿ ಮಾತಾಡೋರು ಇದಾರೆ. ಯಾರ ಸಹಾಯವೂ ಇಲ್ಲದೆ ಅವಳ ಇಡೀ ಒಂದು ಮಾತು ನನಗೆ ಅರ್ಥವಾದದ್ದು ಅದೇ ಮೊದಲು, ಅಕ್ಕ.